ಹೋಮದ ಮೈದಾನದಿಂದ ಅಕ್ಕಲಕೋಟೆಯವರೆಗೆ

ಸೊಲ್ಲಾಪುರದ ರೈಲು ನಿಲ್ದಾಣದಲ್ಲಿ ನಾವು ಇಳಿದಾಗ ಬೆಳಗಿನ ಏಳು ಗಂಟೆಯೂ ಆಗಿರಲಿಲ್ಲ. ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಸನ್ನಿಧಿಗೆ ಒಂದು ಹರಕೆಯನ್ನು ಒಪ್ಪಿಸುವುದಿತ್ತು. ಹರಕೆ ನನ್ನ ಮನೆಯಾಕೆಯದು. ಅದನ್ನು ತೀರಿಸುವ ಹೊಣೆ ನನ್ನದು. ಜೊತೆಗೆ ಬಂದವನು ಬೆಂಗಳೂರಿನಲ್ಲಿ ಬೆಳೆದ ಹನ್ನೆರಡು ವರ್ಷದ ಮೊಮ್ಮಗ. ಅವನಿಗೆ ಹರಕೆಯ ಮೇಲೆ ಅಷ್ಟೇನೂ ಆಸ್ಥೆ ಇರಲಿಲ್ಲ. ಆದರೆ ಕ್ರಿಕೆಟ್ ಆಟಗಾರರು ಹುಟ್ಟಿದ ಊರುಗಳ ಪಟ್ಟಿಯೊಂದು ಅವನ ತಲೆಯಲ್ಲಿ ಅಚ್ಚೊತ್ತಿದಂತೆ ಇತ್ತು. ಸೊಲ್ಲಾಪುರ ಎಂದೊಡನೆ, "ಅಜ್ಜಾ, ಪಾಲಿ ಉಮ್ರಿಗರ್ ಹುಟ್ಟಿದ ಊರಲ್ಲವಾ? ನಾನೂ ಬರ್ತೀನಿ" ಎಂದು ಹೊರಟು ನಿಂತಿದ್ದ.

ಅಕ್ಕಲಕೋಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಬಾಲ್ಯದ ಕೆಲವು ವರ್ಷಗಳನ್ನು ಕಳೆದ ಊರು ಇದು. ಸಿದ್ಧೇಶ್ವರನ ದರ್ಶನವಾಗಲಿ ಎಂದು ಕೆರೆಯ ಕಡೆಗೆ ಹೊರಟೆವು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮನು ಕಟ್ಟಿಸಿದ ಕೆರೆ, ಅದರ ನಡುವೆ ಗುಡಿ, ಮಗ್ಗುಲಲ್ಲಿ ಹಳೆಯ ಭುಯಿಕೋಟೆಯ ಕರಿಗೋಡೆ. ಅಲ್ಲಿಯೇ ಪಕ್ಕದಲ್ಲಿ ವಿಶಾಲವಾದ ಬಯಲು. ಅದರ ಹೆಸರನ್ನು ಓದಿ ಮೊಮ್ಮಗ ಥಟ್ಟನೆ ನಿಂತ.

"ಅಜ್ಜಾ, ಹೋಮ್ ಮೈದಾನ್ ಅಂತ ಇದೆ. ಇದು ಯಾವ ಟೀಮಿನ ಹೋಮ್ ಗ್ರೌಂಡು?"

ನನಗೆ ನಗು ತಡೆಯಲಾಗಲಿಲ್ಲ. ಅದು ಇಂಗ್ಲಿಷಿನ 'ಹೋಮ್' ಅಲ್ಲ, ನಮ್ಮ ಹೋಮ. ಸಂಕ್ರಾಂತಿಯಲ್ಲಿ ನಡೆಯುವ ಸಿದ್ಧರಾಮನ ಜಾತ್ರೆಗೆ ಊರವರು ಗಡ್ಡಾ ಯಾತ್ರೆ ಎನ್ನುತ್ತಾರೆ. ಸಿದ್ಧರಾಮನನ್ನೇ ವರಿಸಬೇಕೆಂದು ಹಟ ಹಿಡಿದ ಕುಂಬಾರರ ಕನ್ಯೆಗೆ ಅವನು ತನ್ನ ಯೋಗದಂಡದೊಡನೆ ವಿವಾಹವಾಗಲು ಒಪ್ಪಿಗೆಯಿತ್ತನೆಂದೂ, ಕೊನೆಗೆ ಆಕೆ ಅಗ್ನಿಪ್ರವೇಶ ಮಾಡಿದಳೆಂದೂ ಐತಿಹ್ಯ. ಎತ್ತರದ ಏಳು ನಂದಿಧ್ವಜಗಳು ಮೆರವಣಿಗೆಯಲ್ಲಿ ಬಂದು ಆ ಹೋಮವು ನೆರವೇರುವ ತಾಣವೇ ಈ ಬಯಲು. ಜಾತ್ರೆಯ ಅಂಗಡಿ, ತೊಟ್ಟಿಲುಗಳು ಎದ್ದು ಹೋದ ಮೇಲೆ ವರ್ಷದ ಉಳಿದ ದಿನಗಳಲ್ಲಿ ಇದು ಹುಡುಗರ ಪಾಲಿಗೆ ಬರುತ್ತದೆ. ಅಂದಿನ ಮುಂಜಾವದಲ್ಲಿಯೂ ಐದಾರು ಆಟಗಳು ಒಂದರೊಳಗೊಂದು ಹೆಣೆದುಕೊಂಡು ನಡೆದಿದ್ದವು. ಒಂದು ಆಟದ ಕ್ಷೇತ್ರರಕ್ಷಕ ಇನ್ನೊಂದು ಆಟದ ದಾಂಡಿಗನ ಹಿಂದೆ ನಿಂತಿರುತ್ತಿದ್ದ; ಯಾರ ಚೆಂಡು ಯಾರದೆಂಬ ಗೊಂದಲ ಮಾತ್ರ ಅವರಲ್ಲಿ ಯಾರಿಗೂ ಇರಲಿಲ್ಲ.

ನಾನು ಕಿವಿಗೊಟ್ಟು ನಿಂತೆ. ದೂರ ಹೋದ ಚೆಂಡನ್ನು ಬೇಡುವ ಕೂಗು ನಾಲ್ಕು ನುಡಿಗಳಲ್ಲಿ ಎದ್ದಿತು. "ಒಗಿಯಲೇ" ಎಂದು ಒಬ್ಬ, "ಟಾಕ್ ರೇ" ಎಂದು ಮತ್ತೊಬ್ಬ, "ವೆಯ್ ರಾ" ಎಂದು ಇನ್ನೊಬ್ಬ, "ಫೇಂಕ್ ಬೇ" ಎಂದು ಮಗದೊಬ್ಬ. ಚೆಂಡು ಹಿಡಿದವನು ಯಾವ ಮನೆಮಾತಿನವನೋ ತಿಳಿಯದು. ನಾಲ್ಕನ್ನೂ ಅರ್ಥ ಮಾಡಿಕೊಂಡು ನೇರವಾಗಿ ಹುದ್ದರಿಗೆ ಎಸೆದ. ಆಗ ಎದ್ದ ಕೂಗು ಮಾತ್ರ ಒಂದೇ ಭಾಷೆಯದು: "ಔಟ್!"

ಕನ್ನಡ, ಮರಾಠಿ, ತೆಲುಗು, ಉರ್ದು ಈ ನಾಲ್ಕೂ ಈ ಊರಿನ ಮನೆಮಾತುಗಳೇ. ಕನ್ನಡ ಈ ನೆಲದ ಹಳೆಯ ಮಾತು. ಮಗ್ಗದೊಡನೆ ಬಂದ ಪದ್ಮಶಾಲಿ ನೇಕಾರರದು ತೆಲುಗು. ಇವೆಲ್ಲ ತರಗತಿಯಲ್ಲಿ ಬೇರೆ ಬೇರೆ ಮಾಧ್ಯಮಗಳಾಗಿ ಕುಳಿತುಕೊಳ್ಳುತ್ತವೆ. ಬಯಲಿಗೆ ಬಂದರೆ ಒಂದೇ ತಂಡವಾಗುತ್ತವೆ. ಅದು ಹೇಗಾಯಿತೆಂಬುದನ್ನು ಓದುಗರ ಮುಂದಿಡುವುದೇ ಈ ಪ್ರವಾಸಕಥನದ ಉದ್ದೇಶ.

ಕ್ರಿಕೆಟ್ ಬರುವ ಮೊದಲು ಇಲ್ಲಿ ಕೋಲು ಹಿಡಿದು ಹೊಡೆಯುವ ಆಟ ಇರಲಿಲ್ಲವೆಂದಲ್ಲ. ನಾವು ಚಿಣಿಪಣಿ ಎನ್ನುವ ಆಟವನ್ನು ಮರಾಠಿಗರು ವಿಟಿದಾಂಡು ಎನ್ನುತ್ತಾರೆ. ಜಾಲಿಯ ಕಟ್ಟಿಗೆಯ ಮೊಳದುದ್ದದ ಕೋಲು, ಎರಡೂ ತುದಿ ಚೂಪಾಗಿ ಕೆತ್ತಿದ ಬೆರಳುದ್ದದ ಚಿಣಿ, ನೆಲದಲ್ಲೊಂದು ಸಣ್ಣ ಕುಳಿ; ಇಷ್ಟೇ ಅದರ ಸರಂಜಾಮು. ಈ ಆಟದಲ್ಲಿ ಚಿಣಿ ಹಾರಿದ ದೂರವನ್ನು ಕೋಲಿನಿಂದ ಅಳೆಯುವಾಗ ಮಹಾರಾಷ್ಟ್ರದ ಮಕ್ಕಳು ಎಣಿಸುವ ಮಾತುಗಳನ್ನು ಕೇಳಿರಿ: ವಕಟ, ಲೆಂಡ, ಮುಂಡ, ನಾಲ. ಮರಾಠಿಯ ಏಕ, ದೋನ, ತೀನ, ಚಾರ ಇಲ್ಲಿ ಎಲ್ಲಿಯೂ ಇಲ್ಲ. ವಕಟ ಎಂಬುದು ತೆಲುಗಿನ ಒಕಟಿ. ಲೆಂಡ ಎಂಬುದು ರೆಂಡು. ಮುಂಡ ಎಂಬುದು ಮೂಡು. ನಾಲ ಎಂಬುದಂತೂ ನಮ್ಮ ನಾಲ್ಕರ ಒಡಹುಟ್ಟು. ತಾನು ಯಾವ ನುಡಿಯಲ್ಲಿ ಎಣಿಸುತ್ತಿದ್ದೇನೆಂಬ ಅರಿವಿಲ್ಲದೆಯೇ ಮರಾಠಿ ಮನೆಯ ಹುಡುಗ ತಲೆಮಾರುಗಳಿಂದ ದ್ರಾವಿಡ ಅಂಕಿಗಳಲ್ಲಿ ಎಣಿಸುತ್ತ ಬಂದಿದ್ದಾನೆ. ರಾಜ್ಯಗಳು ಬಂದವು, ಹೋದವು, ಎಲ್ಲೆಗಳು ಸರಿದವು, ಆಟದ ಲೆಕ್ಕ ಮಾತ್ರ ಹಾಗೆಯೇ ಉಳಿಯಿತು. ಇದನ್ನು ಹೇಳಿದಾಗ ಮೊಮ್ಮಗ ಬೆರಳು ಮಡಿಚಿ, "ವಕಟ, ಲೆಂಡ" ಎಂದು ಎರಡು ಸಲ ಹೇಳಿ ನೋಡಿದ. ಅವನಿಗೆ ಅದು ಮಂತ್ರದಂತೆ ಕೇಳಿಸಿತಂತೆ.

ಕೋಲಿನ ಜಾಗಕ್ಕೆ ಬ್ಯಾಟು ಬಂದದ್ದು ರೈಲಿನ ಹಾದಿಯಿಂದ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ಪುಣೆಯನ್ನು ದಾಟಿ 1860ರಲ್ಲಿ ಸೊಲ್ಲಾಪುರವನ್ನು ತಲುಪಿತು. 1871ರ ಹೊತ್ತಿಗೆ ರಾಯಚೂರನ್ನು ಮುಟ್ಟಿ ಮದರಾಸಿನ ಹಾದಿಗೆ ಕೂಡಿಕೊಂಡಿತು. ಈ ಬರದ ಸೀಮೆಯ ಹತ್ತಿಗೆ ಹಾದಿ ದೊರೆಯಿತು. 1877ರಲ್ಲಿ ಇಲ್ಲಿಯ ಮೊದಲನೆಯ ನೂಲಿನ ಗಿರಣಿ ನಡೆಯತೊಡಗಿತು. ಮುಂದೆ ಬೇರೆ ಗಿರಣಿಗಳು ಎದ್ದ ಮೇಲೆ ಅದಕ್ಕೆ ಹಳೆ ಗಿರಣಿ ಎಂದೇ ಹೆಸರಾಯಿತು. ರೈಲು, ಗಿರಣಿ, ಕಲೆಕ್ಟರರ ಕಚೇರಿ, ಸರಕಾರಿ ಶಾಲೆ ಇವು ನಾಲ್ಕೂ ಒಂದೆಡೆ ಸೇರಿದ ಊರಿಗೆ ಇಂಗ್ಲಿಷರ ಆಟ ತಾನಾಗಿಯೇ ಬರುತ್ತಿತ್ತು.

ಮುಂಬಯಿ ಇಲಾಖೆಯಲ್ಲಿ ಈ ಆಟವನ್ನು ಭಾರತೀಯರಲ್ಲಿ ಮೊದಲು ಕೈಗೆತ್ತಿಕೊಂಡವರು ಪಾರಸಿಗಳು. 1848ರಲ್ಲಿ ಅವರು ಓರಿಯಂಟಲ್ ಕ್ರಿಕೆಟ್ ಕ್ಲಬ್ಬನ್ನು ಸ್ಥಾಪಿಸಿದರು. 1886 ಮತ್ತು 1888ರಲ್ಲಿ ಇಂಗ್ಲೆಂಡಿಗೆ ತಂಡಗಳನ್ನು ಒಯ್ದರು. 1890ರಿಂದ 1895ರವರೆಗೆ ಮುಂಬಯಿಯ ಗವರ್ನರನಾಗಿದ್ದ ಲಾರ್ಡ್ ಹ್ಯಾರಿಸ್ ಸ್ವತಃ ಇಂಗ್ಲೆಂಡ್ ತಂಡದ ನಾಯಕನಾಗಿದ್ದವನು. ಮುಂಬಯಿಯ ಶಾಲೆಗಳ ನಡುವಿನ ಹ್ಯಾರಿಸ್ ಶೀಲ್ಡ್ ಪಂದ್ಯಗಳು ಅವನ ಹೆಸರನ್ನೇ ಹೊತ್ತಿವೆ. ಒಳ್ಳೆಯ ಗುಮಾಸ್ತನನ್ನು ಪಾಠಪುಸ್ತಕ ಮಾಡುತ್ತದೆ, ಒಳ್ಳೆಯ ಪ್ರಜೆಯನ್ನು ಆಟ ಮಾಡುತ್ತದೆ ಎಂಬುದು ಆ ಕಾಲದ ಇಂಗ್ಲಿಷ್ ಮುಖ್ಯಾಧ್ಯಾಪಕರ ನಂಬಿಕೆ. ರಾಜಧಾನಿಯ ಶಾಲೆಯಲ್ಲಿ ಆಡಿದ ಹುಡುಗ ದೊಡ್ಡವನಾಗಿ ಜಿಲ್ಲೆಯ ಊರಿಗೆ ಮಾಸ್ತರನಾಗಿಯೋ ವಕೀಲನಾಗಿಯೋ ವ್ಯಾಪಾರಿಯಾಗಿಯೋ ಬಂದಾಗ ಅವನ ಟ್ರಂಕಿನ ತಳದಲ್ಲಿ ಒಂದು ಬ್ಯಾಟೂ ಬರುತ್ತಿತ್ತು.

ಇಂಥ ಮಾಸ್ತರರ ಪರಂಪರೆಯ ಮುಕುಟಮಣಿ ಎಂದರೆ ಪುಣೆಯ ಪ್ರೊಫೆಸರ್ ದಿನಕರ ಬಳವಂತ ದೇವಧರರು. ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸುತ್ತ, 1926ರಲ್ಲಿ ಮುಂಬಯಿಯಲ್ಲಿ ಎಂ.ಸಿ.ಸಿ. ತಂಡದ ಎದುರು 148 ಓಟಗಳನ್ನು ಬಾರಿಸಿದವರು. ಮುಂದೆ 1939-40 ಮತ್ತು 1940-41ರಲ್ಲಿ ಮಹಾರಾಷ್ಟ್ರ ತಂಡಕ್ಕೆ ರಣಜಿ ಪಾರಿತೋಷಕವನ್ನು ಗೆದ್ದುಕೊಟ್ಟ ನಾಯಕರು. ನೂರು ವರ್ಷವನ್ನು ದಾಟಿ ಬಾಳಿದ ಅವರು ಕಾಳಿದಾಸನನ್ನೂ ಕವರ್ ಡ್ರೈವನ್ನೂ ಒಂದೇ ಜೀವನದಲ್ಲಿ ಅರಗಿಸಿಕೊಂಡವರು.

ಇದೇ ಕಾಲದಲ್ಲಿ ಇನ್ನೊಂದು ದೂರದ ನಾಡಿನಲ್ಲಿಯೂ ಇಂಥದೇ ಕಥೆ ನಡೆದಿತ್ತು. ಬ್ರಿಟನ್ನಿನ ಪಶ್ಚಿಮದ ವೇಲ್ಸ್ ಪ್ರಾಂತದಲ್ಲಿ ಕಲ್ಲಿದ್ದಲ ಗಣಿಗಳ ಕಣಿವೆಗಳಿವೆ. ನಮ್ಮಲ್ಲಿ ಹತ್ತಿಯ ಗಿರಣಿಗೆ ಜನ ಕೂಡಿದಂತೆ ಅಲ್ಲಿ ಗಣಿಗೂ ಕಬ್ಬಿಣದ ಕುಲುಮೆಗೂ ಜನ ಕೂಡಿದರು. ಅವರ ಮನೆಮಾತು ವೆಲ್ಷ್. ಶಾಲೆಯ ಮಾತು ಇಂಗ್ಲಿಷ್. ಹತ್ತೊಂಬತ್ತನೆಯ ಶತಮಾನದ ಕೆಲವು ಶಾಲೆಗಳಲ್ಲಿ ತಾಯ್ನುಡಿಯನ್ನಾಡಿದ ಮಗುವಿನ ಕೊರಳಿಗೆ 'ವೆಲ್ಷ್ ನಾಟ್' ಎಂಬ ಮರದ ತುಂಡನ್ನು ತೂಗುಹಾಕುತ್ತಿದ್ದರು. ದಿನದ ಕೊನೆಗೆ ಅದು ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಶಿಕ್ಷೆ. 1889ರ ಶಿಕ್ಷಣ ಕಾಯ್ದೆಯ ತರುವಾಯ ಆ ಕಣಿವೆಗಳಲ್ಲಿ ಮಾಧ್ಯಮಿಕ ಶಾಲೆಗಳು ಎದ್ದವು. ಅವುಗಳೊಡನೆ ಶಾಲೆಯ ಕ್ರಿಕೆಟ್ಟೂ ಬೆಳೆಯಿತು. 1888ರಲ್ಲಿ ಹುಟ್ಟಿದ ಅಲ್ಲಿಯ ಗ್ಲಾಮೋರ್ಗನ್ ಸಂಘವು 1921ರಲ್ಲಿ ಕೌಂಟಿ ಪಂದ್ಯಾವಳಿಗೆ ಸೇರಿ, 1948ರಲ್ಲಿ ಇಂಗ್ಲೆಂಡಿನ ಕೌಂಟಿಗಳನ್ನೆಲ್ಲ ಹಿಂದೆ ಹಾಕಿ ಪ್ರಥಮ ಸ್ಥಾನವನ್ನು ಪಡೆಯಿತು. ಮಂಗಳೂರಿನ ಮೂಲದ ನಮ್ಮ ರವಿ ಶಾಸ್ತ್ರಿಯವರೂ ಆ ತಂಡದಲ್ಲಿ ಆಡಿದ್ದುಂಟು. ಇಂಗ್ಲಿಷರ ಆಟವನ್ನು ಕಲಿತು ಇಂಗ್ಲಿಷರನ್ನೇ ಸೋಲಿಸುವ ಸುಖ ಏನೆಂಬುದು ವೆಲ್ಷರಿಗೂ ತಿಳಿದಿದೆ, ನಮಗೂ ತಿಳಿದಿದೆ. ಆದರೆ ಅಲ್ಲಿಯ ಶಾಲೆಯು ಮಗುವಿನ ಕೈಗೆ ಬ್ಯಾಟನ್ನು ಕೊಡುತ್ತ ಬಾಯಿಂದ ನುಡಿಯನ್ನು ಕಸಿದುಕೊಂಡಿತೆಂಬುದನ್ನು ಗಡಿಯಲ್ಲಿ ಬದುಕುವ ನಾವು ಮರೆಯಬಾರದು.

ಹೋಮದ ಮೈದಾನದಿಂದ ಪಾರ್ಕ್ ಮೈದಾನಕ್ಕೆ ಬಹಳ ದೂರವಿಲ್ಲ. ಊರವರ ಬಾಯಲ್ಲಿ ಇಂದಿಗೂ ಪಾರ್ಕ್ ಮೈದಾನವೇ ಆಗಿರುವ ಅದು ಈಗ ಇಂದಿರಾ ಗಾಂಧಿ ಕ್ರೀಡಾಂಗಣ. 2024ರ ಜನವರಿಯಲ್ಲಿ ಮಹಾರಾಷ್ಟ್ರ ಹಾಗೂ ಮಣಿಪುರ ತಂಡಗಳ ನಡುವಣ ರಣಜಿ ಪಂದ್ಯವೂ, ಮರುತಿಂಗಳು ಸೌರಾಷ್ಟ್ರದ ಎದುರಿನ ಪಂದ್ಯವೂ ಇಲ್ಲಿ ನಡೆದವು. ಬೇಲಿಯ ಕಬ್ಬಿಣದ ಸರಳುಗಳ ನಡುವೆ ಮುಖವಿಟ್ಟು ಮೊಮ್ಮಗ ಒಳಗಿನ ಹಸಿರನ್ನು ನೋಡಿದ. ನಾನು ನೋಡುತ್ತಿದ್ದದ್ದು ಬೇರೆ ಕಾಲವನ್ನು.

ಪಹಲನ್ ರತನಜಿ ಉಮ್ರಿಗರ್ ಹುಟ್ಟಿದ್ದು 1926ರ ಮಾರ್ಚ್ 28ರಂದು, ಈ ಊರಿನಲ್ಲಿ. ತಂದೆಯದು ಬಟ್ಟೆಯ ಉದ್ಯಮ; ಬಟ್ಟೆಯ ಊರಿಗೆ ತಕ್ಕ ಉದ್ಯಮ. ಹುಡುಗ ಇನ್ನೂ ಶಾಲೆಯಲ್ಲಿರುವಾಗಲೇ ಕುಟುಂಬವು ಮುಂಬಯಿಗೆ ಹೋಯಿತು. ಹದಿನೆಂಟನೆಯ ವಯಸ್ಸಿನಲ್ಲಿ ಪಾರಸಿಗಳ ತಂಡಕ್ಕೆ ಆಡಿ, 1948ರಲ್ಲಿ ವೆಸ್ಟ್ ಇಂಡೀಸಿನ ಎದುರು ಟೆಸ್ಟ್ ಪ್ರವೇಶ ಮಾಡಿದ. 1952ರಲ್ಲಿ ಮದರಾಸಿನಲ್ಲಿ ಭಾರತವು ತನ್ನ ಮೊತ್ತಮೊದಲ ಟೆಸ್ಟ್ ವಿಜಯವನ್ನು ಪಡೆದಾಗ ಅಜೇಯ 130 ಓಟಗಳು ಅವನವು. ಅದೇ ವರ್ಷ ಇಂಗ್ಲೆಂಡಿನಲ್ಲಿ ಟ್ರೂಮನ್ನನ ವೇಗಕ್ಕೆ ಬೆದರಿ ಏಳು ಸರದಿಗಳಲ್ಲಿ ಕೇವಲ 43 ಓಟಗಳು. ಹಾಗೆ ನೆಲಕ್ಕೆ ಬಿದ್ದವನು ಎದ್ದು ನಿಂತ ಬಗೆಯೇ ಹೇಳತಕ್ಕದ್ದು. 1955ರಲ್ಲಿ ಹೈದರಾಬಾದಿನಲ್ಲಿ ನ್ಯೂಜಿಲೆಂಡಿನ ಎದುರು 223 ಓಟ ಬಾರಿಸಿ ಟೆಸ್ಟಿನಲ್ಲಿ ದ್ವಿಶತಕ ಗಳಿಸಿದ ಮೊದಲ ಭಾರತೀಯನಾದ. 1962ರಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ಒಂದೇ ಪಂದ್ಯದಲ್ಲಿ 56 ಹಾಗೂ ಅಜೇಯ 172, ಜೊತೆಗೆ 107 ಓಟಗಳಿಗೆ ಐದು ಹುದ್ದರಿ. 59 ಟೆಸ್ಟುಗಳು, 3631 ಓಟಗಳು, 12 ಶತಕಗಳು. ಅವನು ಆಟದಿಂದ ನಿವೃತ್ತನಾದಾಗ ಈ ಮೂರರಲ್ಲಿಯೂ ಭಾರತದ ದಾಖಲೆ ಅವನದೇ ಆಗಿತ್ತು.

ನಾನು ಇಲ್ಲಿಯ ಒಂದು ಪ್ರೌಢಶಾಲೆಗೆ ಸೇರಿದ್ದು ಅದಾದ ಕೆಲವು ವರ್ಷಗಳಿಗೆ. ಪ್ರಾಥಮಿಕ ತರಗತಿಗಳನ್ನು ಕನ್ನಡದಲ್ಲಿ ಮುಗಿಸಿ ಮರಾಠಿ ತರಗತಿಯಲ್ಲಿ ಕುಳಿತ ನನಗೆ ಮೊದಲ ವರ್ಷವೆಲ್ಲ ಬಾಯೇ ಇರಲಿಲ್ಲ. ಬಾಯಿ ಕೊಟ್ಟವರು ನಮ್ಮ ಡ್ರಿಲ್ ಮಾಸ್ತರರು. "ಉಮ್ರಿಗರನ ಕಾಲಿಗೂ ಮೊದಲು ಹತ್ತಿದ್ದು ಇದೇ ಊರಿನ ಧೂಳು" ಎಂದು ಹೇಳಿ ಅವರು ಹುಡುಗರನ್ನು ಮೈದಾನಕ್ಕೆ ಅಟ್ಟುತ್ತಿದ್ದರು. ಶಾಲೆಯ ಪೆಟ್ಟಿಗೆಯಲ್ಲಿ ಇದ್ದದ್ದು ಎರಡು ಬ್ಯಾಟು, ಒಂದು ಜೊತೆ ಪ್ಯಾಡು. ಒಬ್ಬೊಬ್ಬ ದಾಂಡಿಗನಿಗೆ ಒಂದೊಂದು ಪ್ಯಾಡು, ಅದೂ ಎಡಗಾಲಿಗೆ. ಬಲಗಾಲನ್ನು ಸಿದ್ಧರಾಮನೇ ಕಾಯಬೇಕು. ಚರ್ಮದ ಕೆಂಪು ಚೆಂಡು ಪಂದ್ಯದ ದಿನಕ್ಕೆ ಮೀಸಲು. ಉಳಿದ ದಿನ ಗಿರಣಿಯ ತ್ಯಾಜ್ಯ ನೂಲನ್ನು ಬಿಗಿಯಾಗಿ ಸುತ್ತಿ, ಮೇಲೆ ಸೈಕಲ್ಲಿನ ಹಳೆಯ ಟ್ಯೂಬಿನ ಉಂಗುರಗಳನ್ನು ತೊಡಿಸಿದ ಚೆಂಡು.

ಆಡುವ ನೆಲವೂ ಸುಮ್ಮನಲ್ಲ. ಈ ಸೀಮೆಯದು ಎರೆಮಣ್ಣು. ಮಳೆ ಬಿದ್ದರೆ ಕಾಲಿಗೆ ಮಣಗಟ್ಟಲೆ ಅಂಟುತ್ತದೆ, ಬಿಸಿಲು ಬಿದ್ದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆದುದರಿಂದ ಗರಸನ್ನು ಹಾಸಿ, ನೀರು ಹೊಯ್ದು, ಕಲ್ಲಿನ ಉರುಳೆಯನ್ನು ಎಳೆದು ಗಟ್ಟಿ ಮಾಡಿ, ಅದರ ಮೇಲೆ ತೆಂಗಿನ ನಾರಿನ ಚಾಪೆಯನ್ನು ಬಿಗಿದು ಮೊಳೆ ಹೊಡೆದರೆ ಪಂದ್ಯಕ್ಕೆ ಸಿದ್ಧ. ಚಾಪೆಯ ಮೇಲೆ ಬಿದ್ದ ಚೆಂಡು ಪುಟಿಯುವುದೂ ಹೆಚ್ಚು, ತಿರುಗುವುದೂ ಹೆಚ್ಚು. ಜಿಲ್ಲೆಯ ಹುಡುಗರಿಗೆ ಹಿಂಗಾಲಿನ ಮೇಲೆ ನಿಂತು ಹೊಡೆಯುವ ಅಭ್ಯಾಸ ಬಂದದ್ದು ಈ ಚಾಪೆಯಿಂದ. ಸಂಜೆ ಗಿರಣಿಯ ಭೋಂಗಾ ಕೂಗಿತೆಂದರೆ ಆಟ ಮುಗಿಯಿತು. ಅದಕ್ಕಿಂತ ದೊಡ್ಡ ಅಂಪಾಯರನಿರಲಿಲ್ಲ. ಆ ಹಳೆಯ ಗಿರಣಿಗಳು ಈಗ ಮೌನವಾಗಿವೆ.

ನಾನು ಆಟಗಾರನಾಗಿ ಯಾವ ಕೀರ್ತಿಯನ್ನೂ ಗಳಿಸಲಿಲ್ಲ. ನನಗೆ ದೊರೆತದ್ದು ಲೆಕ್ಕ ಬರೆಯುವ ಕೆಲಸ. ಒಂದು ಪಂದ್ಯದಲ್ಲಿ ನಾವು ಎರಡು ಓಟಗಳಿಂದ ಗೆದ್ದೆವು. ಎದುರು ಶಾಲೆಯ ಮಾಸ್ತರರು ನನ್ನ ವಹಿಯನ್ನು ಕೇಳಿ ಪಡೆದು ನೋಡಿದರು. ಒಂದು ಅಂಕಿಯೂ ಅವರಿಗೆ ತಿಳಿಯಲಿಲ್ಲ. ಗಡಿಬಿಡಿಯಲ್ಲಿ ನಾನು ಎಲ್ಲವನ್ನೂ ಕನ್ನಡ ಅಂಕಿಗಳಲ್ಲಿ ಬರೆದುಬಿಟ್ಟಿದ್ದೆ. "ಇದು ಯಾವ ಲೆಕ್ಕ? ಇದನ್ನು ಒಪ್ಪಲಾರೆ" ಎಂದರು ಅವರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಮ್ಮ ಡ್ರಿಲ್ ಮಾಸ್ತರರು ಸಿಟ್ಟಾಗಲಿಲ್ಲ. ನನ್ನನ್ನು ನಡುವೆ ನಿಲ್ಲಿಸಿ, ಒಂದೊಂದು ಓವರನ್ನೂ ಮರಾಠಿಯಲ್ಲಿ ಗಟ್ಟಿಯಾಗಿ ಓದಿಸಿದರು. ಎರಡೂ ತಂಡಗಳ ಹುಡುಗರು ತಮ್ಮ ತಮ್ಮ ಓಟಗಳನ್ನು ನೆನಪಿಸಿಕೊಂಡು ತಲೆಯಾಡಿಸಿದರು. ಲೆಕ್ಕ ಕೂಡಿತು. ಆಮೇಲೆ ಮಾಸ್ತರರು ವಹಿಯನ್ನು ನನ್ನ ಕೈಗಿಡುತ್ತ, "ಅಂಕಿ ಯಾವುದಾದರೇನು, ಓಡಿದ ಕಾಲು ಅದೇ ಅಲ್ಲವೇ?" ಎಂದರು. ತರಗತಿಯಲ್ಲಿ ನನಗೆ ಮರಾಠಿ ಬಾಯಿ ಬಂದದ್ದು ಅಂದಿನಿಂದ.

ಆದರೆ ಬಯಲೆಂದರೆ ಎಲ್ಲರಿಗೂ ತೆರೆದ ಬಾಗಿಲೆಂದು ಹೇಳಿ ಮುಂದೆ ಹೋದರೆ ಸತ್ಯಕ್ಕೆ ಅಪಚಾರವಾದೀತು. ಭಾರತದ ಮೊದಲ ಮಹಾನ್ ಚೆಂಡೆಸೆತಗಾರ ಪಾಲವಣಕರ ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದಲ್ಲಿ. ಅಸ್ಪೃಶ್ಯವೆನಿಸಿಕೊಂಡ ಸಮಾಜದ ಮಗ; ಪುಣೆಯ ಗೋರಾ ಸಾಹೇಬರ ಕ್ಲಬ್ಬಿನಲ್ಲಿ ನೆಲವನ್ನು ಹಸನು ಮಾಡುವ ಕೆಲಸದಲ್ಲಿದ್ದು, ಅವರಿಗೆ ಅಭ್ಯಾಸಕ್ಕೆಂದು ಚೆಂಡೆಸೆಯುತ್ತ ಎಸೆಯುತ್ತ ನಿಪುಣನಾದ. ಹಿಂದೂಗಳ ತಂಡಕ್ಕೆ ಅವನ ಕೈ ಬೇಕಾಯಿತು, ಮೈ ಬೇಡವಾಯಿತು. ಮೈದಾನದಲ್ಲಿ ಅವನ ಚೆಂಡನ್ನು ಮುಟ್ಟಿದವರೇ ವಿರಾಮದ ವೇಳೆಗೆ ಅವನಿಗೆ ಹೊರಗೆ ಬೇರೆ ಮಣ್ಣಿನ ಕುಡಿಕೆಯಲ್ಲಿ ಚಹ ಕೊಟ್ಟರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಅವನು 114 ಹುದ್ದರಿಗಳನ್ನು ಕೆಡವಿದ. ಆದರೂ ಹಿಂದೂಗಳ ತಂಡದ ನಾಯಕತ್ವ ಅವನಿಗೆ ದಕ್ಕಲಿಲ್ಲ. 1923ರಲ್ಲಿ ಅದು ಅವನ ತಮ್ಮ ವಿಠ್ಠಲನಿಗೆ ಬಂತು.

ಸೊಲ್ಲಾಪುರದಲ್ಲಿಯೂ ಪ್ರಶ್ನೆ ಇದೇ ಆಗಿತ್ತು. ಮೈದಾನಕ್ಕೆ ಬರಬೇಕಾದರೆ ಮೊದಲು ಶಾಲೆಗೆ ಬರಬೇಕು. ಶಾಲೆಗೆ ಬರಬೇಕಾದರೆ ಇರಲು ನೆಲೆ ಬೇಕು. ಡಾ. ಅಂಬೇಡ್ಕರರ ಬಹಿಷ್ಕೃತ ಹಿತಕಾರಿಣೀ ಸಭೆಯು 1925ರ ಜನವರಿಯಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ವಸತಿಗೃಹವನ್ನು ತೆರೆದದ್ದು ಈ ಊರಿನಲ್ಲಿಯೇ. ಶಾಲೆಯ ತಂಡದ ಹನ್ನೊಂದು ಹೆಸರುಗಳನ್ನು ಓದುವಾಗ, ಪಟ್ಟಿಯವರೆಗೆ ಬರಲಾಗದ ಹೆಸರುಗಳನ್ನೂ ನೆನೆಯಬೇಕು. ಹೆಣ್ಣುಮಕ್ಕಳ ಹೆಸರುಗಳಂತೂ ಬಹುಕಾಲ ಎಲ್ಲಿಯೂ ಇರಲಿಲ್ಲ. ಇದೇ ಜಿಲ್ಲೆಯ ಮಿರೆ ಎಂಬ ಹಳ್ಳಿಯ ಕಿರಣ ನವಗಿರೆ 2022ರಲ್ಲಿ ಭಾರತದ ತಂಡಕ್ಕೆ ಆಡಿದಳೆಂದು ನಾನು ಹೇಳಿದಾಗ, ಮೊಮ್ಮಗ ನನ್ನನ್ನು ತಿದ್ದುವಂತೆ, "ಅದೇ ವರ್ಷ ನಾಗಾಲ್ಯಾಂಡಿಗೆ ಆಡಿ ಟಿ-20ಯಲ್ಲಿ 162 ಹೊಡೆದಿದ್ದಳು ಅಜ್ಜಾ" ಎಂದು ಸೇರಿಸಿದ. ಸೊಲ್ಲಾಪುರದ ಅರ್ಶಿನ್ ಕುಲಕರ್ಣಿ 2024ರ ಹತ್ತೊಂಬತ್ತರೊಳಗಿನವರ ವಿಶ್ವಕಪ್ಪಿನಲ್ಲಿ ಶತಕ ಬಾರಿಸಿದ್ದನ್ನೂ ಅವನೇ ಹೇಳಿದ. ಗುರುವನ್ನು ಮೀರಿದ ಶಿಷ್ಯ!

ಬಸ್ ನಿಲ್ದಾಣದ ದಾರಿಯಲ್ಲಿ ನಾಲ್ವರು ಹುತಾತ್ಮರ ಪ್ರತಿಮೆಗಳಿವೆ. 1930ರ ಮೇ ತಿಂಗಳಿನಲ್ಲಿ ಈ ಊರಿಗೆ ಸರಕಾರವು ಲಷ್ಕರಿ ಕಾಯ್ದೆಯನ್ನು ಹೇರಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ್ ಕುರಬಾನ್ ಹುಸೇನ್ ಎಂಬ ನಾಲ್ವರನ್ನು ಯರವಡೆಯಲ್ಲಿ ಗಲ್ಲಿಗೇರಿಸಿತು. ಇಂಗ್ಲಿಷರ ಆಳಿಕೆಯನ್ನು ಪ್ರಾಣ ಕೊಟ್ಟು ನಿರಾಕರಿಸಿದ ಊರು ಅವರ ಆಟವನ್ನು ಮಾತ್ರ ಇಟ್ಟುಕೊಂಡಿತು. ನಾಲ್ಕು ಹೆಸರುಗಳನ್ನೂ ಓದಿದ ಮೊಮ್ಮಗ ಬಹಳ ಹೊತ್ತು ಮಾತಾಡಲಿಲ್ಲ.

ಅಕ್ಕಲಕೋಟೆಗೆ ಆಗ್ನೇಯ ದಿಕ್ಕಿನಲ್ಲಿ ಸುಮಾರು ನಲವತ್ತು ಕಿಲೋಮೀಟರು. ಕುಂಭಾರಿ, ವಳಸಂಗ ದಾಟಿದಂತೆ ಬಸ್ಸಿನೊಳಗಿನ ಮಾತು ಬಣ್ಣ ಬದಲಿಸುತ್ತದೆ. ಹತ್ತುವವರು ಕಂಡಕ್ಟರನೊಡನೆ ಮರಾಠಿಯಲ್ಲಿ ಚೀಟಿ ಕೇಳಿ, ಕುಳಿತ ಮೇಲೆ ಪಕ್ಕದವರೊಡನೆ ಕನ್ನಡಕ್ಕೆ ಇಳಿಯುತ್ತಾರೆ. ಎರಡೂ ಬದಿಗೆ ಜೋಳದ ಹೊಲಗಳು, ತೊಗರಿಯ ಕೂಳೆ. ಮಹಾಜನ ಆಯೋಗವು 1967ರಲ್ಲಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳು ಕರ್ನಾಟಕಕ್ಕೆ ಸೇರತಕ್ಕವೆಂದು ಶಿಫಾರಸು ಮಾಡಿತ್ತು; ಅವು ಸೇರಲಿಲ್ಲ. ಆ ವಾದವನ್ನು ಇಲ್ಲಿ ಮತ್ತೆ ಎತ್ತಲಾರೆ. ಜೋಳಕ್ಕೆ ಅದರ ಗೊಡವೆಯಿಲ್ಲ.

ಹರಕೆಯನ್ನು ಒಪ್ಪಿಸಿ, ವಟವೃಕ್ಷದ ನೆರಳಿನಲ್ಲಿ ಪ್ರಸಾದವನ್ನು ಸ್ವೀಕರಿಸಿ, ಅರಮನೆಯ ಶಸ್ತ್ರಾಗಾರಕ್ಕೆ ಹೋದೆವು. ಭೋಸಲೆ ಮನೆತನದ ಈ ಚಿಕ್ಕ ಸಂಸ್ಥಾನವು ಸೊಲ್ಲಾಪುರದ ಕಲೆಕ್ಟರನ ಮೇಲ್ವಿಚಾರಣೆಯಲ್ಲಿದ್ದು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಾಲುಸಾಲಾಗಿ ಖಡ್ಗ, ಭರ್ಚಿ, ಬಂದೂಕುಗಳು. ಕಾಲವು ಆಯುಧಗಳನ್ನು ಗೋಡೆಗೆ ತೂಗುಹಾಕಿ ಸಂಸ್ಥಾನದ ಮಕ್ಕಳ ಕೈಗೆ ಬ್ಯಾಟನ್ನು ಕೊಟ್ಟಿತೆಂಬುದು ಸಮಾಧಾನದ ಮಾತೇ.

ಹಿಂದಿರುಗುವ ಮುನ್ನ ಹತ್ತಿರದ ಹಳ್ಳಿಯಲ್ಲಿದ್ದ ಬಂಧುಗಳ ಮನೆಗೆ ಹೋಗಬೇಕಾಗಿತ್ತು. ಮನೆಯ ಎದುರಿಗೇ ಕನ್ನಡ ಶಾಲೆ. ಅದಕ್ಕೆ ಬೆನ್ನು ಕೊಟ್ಟು ಮರಾಠಿ ಶಾಲೆ. ಎರಡಕ್ಕೂ ಸೇರಿ ಒಂದೇ ಅಂಗಳ. ಶಾಲೆ ಬಿಟ್ಟ ಹೊತ್ತು. ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದ ಮೂರು ಗೂಟಗಳ ಮುಂದೆ ಆಟ ನಡೆದಿತ್ತು. ಮೊಮ್ಮಗನನ್ನು ಅವರು ಹೆಸರು ಕೇಳುವ ಮೊದಲೇ ತಂಡಕ್ಕೆ ಸೇರಿಸಿಕೊಂಡರು. ನಾನು ಕಟ್ಟೆಯ ಮೇಲೆ ಕುಳಿತು ಅಲ್ಲಿಯ ಗುರುಗಳೊಡನೆ ಮಾತಿಗಿಳಿದೆ.

"ಈ ಸಲ ಪಂದ್ಯಕ್ಕ ನಮ್ಮ ಸಾಲಿ ಹೆಸರು ಕೊಟ್ಟೀರೇನ್ರಿ?" ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೊಡಬೇಕಂದ್ರ ಹನ್ನೊಂದು ಮಂದಿ ಬೇಕಲ್ರೀ ಕಾಕಾ" ಎಂದರು. "ಮ್ಯಾಲಿನ ಎರಡೂ ವರ್ಗ ಕೂಡಿಸಿದ್ರ ಒಂಬತ್ತು ಗಂಡಹುಡುಗ್ರು ಆಗ್ತಾರ. ತಾಯಿ-ತಂದಿ ಕೇಳತಾರ, ಕನ್ನಡ ಕಲ್ತ್ರ ಮುಂದ ಕೆಲಸ ಎಲ್ಲಿ ಸಿಗತದ ಅಂತ. ನಾ ಏನ್ ಉತ್ತರ ಹೇಳ್ಲಿ?"

ಆ ಮಾತು ನನ್ನ ಎದೆಯಲ್ಲಿ ನಾಟಿತು. ಗಡಿಯ ಬಗ್ಗೆ ಎಷ್ಟೋ ಭಾಷಣಗಳನ್ನು ಕೇಳಿದ್ದೇನೆ, ಎಷ್ಟೋ ಠರಾವುಗಳಿಗೆ ಕೈಯೆತ್ತಿದ್ದೇನೆ. ಕನ್ನಡ ಶಾಲೆಯ ಕಷ್ಟವನ್ನು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಮಹಾರಾಷ್ಟ್ರ ಸರಕಾರದ ಬಾಲಭಾರತಿ ಸಂಸ್ಥೆಯು ಕನ್ನಡದಲ್ಲಿ ಪಾಠಪುಸ್ತಕಗಳನ್ನು ಅಚ್ಚು ಹಾಕಿಸುತ್ತದೆ. ಪುಸ್ತಕವಿದೆ, ಗುರುಗಳಿದ್ದಾರೆ, ಅಂಗಳವಿದೆ. ಹನ್ನೊಂದಕ್ಕೆ ಇಬ್ಬರು ಕಡಿಮೆ ಬಿದ್ದಿದ್ದಾರೆ.

"ಹಂಗಾರ ಏನ್ ಮಾಡತೀರಿ?"

"ಏನ್ ಮಾಡೂದ್ರೀ, ಹಿಂದಿನ ಸಾಲಿ ಹುಡುಗ್ರ ಜೋಡಿ ಕೂಡಿ ಆಡತಾರ. ಹುಡುಗ್ರಿಗೆ ಏನೂ ತ್ರಾಸಿಲ್ಲ. ತ್ರಾಸು ನಮಗ."

ನಿಜ. ಅಂಗಳದಲ್ಲಿ ಯಾರು ಯಾವ ಶಾಲೆಯವರೆಂದು ನನ್ನಿಂದ ಗುರುತಿಸಲಾಗಲಿಲ್ಲ. ಕೂಡಿ ಆಡುವುದು ಸಂತೋಷದ ಸಂಗತಿ. ಆದರೆ ಕೂಡಿ ಆಡಬೇಕಾದರೆ ಕೂಡಲು ಎರಡು ಇರಬೇಕು. ಒಂದು ಕರಗಿ ಹೋದ ಮೇಲೆ ಉಳಿಯುವುದನ್ನು ಕೂಟವೆನ್ನಲಾಗದು. ವೇಲ್ಸಿನಲ್ಲಿ ನುಡಿಯನ್ನು ಮರದ ತುಂಡು ಕಟ್ಟಿ ಹೊರಗಟ್ಟಿದರು. ಇಲ್ಲಿ ಯಾರೂ ಹೊರಗಟ್ಟುತ್ತಿಲ್ಲ. ಮುಂದಿನ ಅನ್ನ ಎಲ್ಲಿ ಎಂಬ ತಾಯ್ತಂದೆಯರ ಚಿಂತೆಯೇ ಅದನ್ನು ಮೆಲ್ಲಮೆಲ್ಲನೆ ಬಾಗಿಲಾಚೆಗೆ ನಡೆಸುತ್ತಿದೆ. ಆ ಚಿಂತೆಗೆ ಉತ್ತರ ಕೊಡದೆ ಅಭಿಮಾನದ ಮಾತನ್ನಷ್ಟೇ ಆಡುವ ನಾವು ಆ ಗುರುಗಳ ಒಂಟಿತನವನ್ನು ಹೆಚ್ಚಿಸುತ್ತಿದ್ದೇವೆ. ನಾಡಿನ ಒಳಗಿರುವ ಓದುಗರು ಗಡಿಯಾಚೆಯ ಒಂದು ಕನ್ನಡ ಶಾಲೆಗೆ ಹೋಗಿ, ಒಂದು ದಿನ ಅದರ ಅಂಗಳದಲ್ಲಿ ಕುಳಿತು ಬರಲಿ. ಅಲ್ಲಿ ಕಲಿತ ಹುಡುಗನಿಗೆ ಒಂದು ಕೆಲಸ, ಒಂದು ವಿದ್ಯಾರ್ಥಿವೇತನ, ಒಂದು ಚೀಲ ಪುಸ್ತಕ ಅಥವಾ ಒಂದು ಜೊತೆ ಪ್ಯಾಡು, ಕೈಲಾದದ್ದನ್ನು ಮಾಡಲಿ.

ಹೊತ್ತು ಇಳಿಯಿತು. ಆಟ ಮುಗಿದು ವಾದ ಶುರುವಾಯಿತು: ಗೆದ್ದವರು ಯಾರು? ಎಲ್ಲರೂ ಗೋಡೆಯ ಕಡೆಗೆ ಓಡಿದರು. ಅಲ್ಲಿ ಗೂಟಗಳ ಪಕ್ಕದಲ್ಲಿ ಓಟಗಳ ಲೆಕ್ಕವನ್ನು ಬರೆದಿಟ್ಟಿದ್ದ ಹುಡುಗಿಗೆ ಒಂಬತ್ತೋ ಹತ್ತೋ ವರ್ಷ. ಹತ್ತಿರ ಹೋಗಿ ನೋಡಿದೆ. ಒಂದು ತಂಡದ ಲೆಕ್ಕ ಮರಾಠಿ ಅಂಕಿಗಳಲ್ಲಿತ್ತು, ಇನ್ನೊಂದರದು ದುಂಡಗಿನ ಕನ್ನಡ ಅಂಕಿಗಳಲ್ಲಿ. ಆಕೆ ಎರಡನ್ನೂ ಸರಾಗವಾಗಿ ಓದಿ, ಕೂಡಿಸಿ, "ಮೂರು ರನ್ನಿಲೇ ಇವರು ಗೆದ್ದಾರ" ಎಂದು ತೀರ್ಪು ಕೊಟ್ಟಳು. ಯಾರೂ ಎದುರು ಮಾತಾಡಲಿಲ್ಲ.

ನನ್ನ ಹಳೆಯ ವಹಿ, ಡ್ರಿಲ್ ಮಾಸ್ತರರ ಮಾತು ಕಣ್ಣಮುಂದೆ ಬಂದವು. ಕನ್ನಡಕ ಒರೆಸಿಕೊಳ್ಳುವ ನೆಪ ಮಾಡಬೇಕಾಯಿತು. ಬಸ್ಸಿನ ಕಡೆಗೆ ನಡೆಯುವಾಗ ಧೂಳು ಮೆತ್ತಿದ ಮೊಮ್ಮಗ ನನ್ನ ಕೈ ಹಿಡಿದು ಕೇಳಿದ:

"ಅಜ್ಜಾ, ಆ ದುಂಡಗಿನ ಅಂಕಿ ನನಗೆ ಓದೋಕೆ ಬರಲಿಲ್ಲ. ಕಲಿಸ್ತೀಯಾ?"

ಸೊಲ್ಲಾಪುರ ಮುಟ್ಟುವುದರೊಳಗೆ, ಬಸ್ಸಿನ ಮಂಜು ಹಿಡಿದ ಗಾಜಿನ ಮೇಲೆ ಬೆರಳಿನಿಂದ ಬರೆದು ಒಂದರಿಂದ ಹನ್ನೊಂದರವರೆಗೆ ಕಲಿಸಿದೆ.